ಸೆರೆಯಾದ ನಾಡಿಗೇ ಮರಳಿದ ಕುರಿಗಾಹಿ

ಪ್ರತಿ ವರ್ಷ ಮಾರ್ಚ್ 17 ಬಂತೆಂದರೆ ಲೋಕದ ಎಷ್ಟೋ ನಗರಗಳು ಹಸಿರು ಉಡುತ್ತವೆ. ಡಬ್ಲಿನ್, ನ್ಯೂಯಾರ್ಕ್, ಬಾಸ್ಟನ್ ನಗರಗಳ ಬೀದಿಗಳಲ್ಲಿ ವಾದ್ಯಗಳೊಡನೆ ಮೆರವಣಿಗೆ ಸಾಗುತ್ತದೆ. ಷಿಕಾಗೊ ನಗರದಲ್ಲಂತೂ 1962ರಿಂದ ಈ ಹಬ್ಬಕ್ಕೆಂದು ನದಿಯ ನೀರಿಗೇ ಹಸಿರು ಬಣ್ಣ ಬೆರೆಸುತ್ತಾರೆ. ಹಸಿರು ಟೋಪಿ, ಹಸಿರು ಅಂಗಿ, ತುಂಬಿದ ಮದ್ಯದ ಲೋಟ - ದೂರದಿಂದ ನೋಡುವವರಿಗೆ ಸಂತ ಪ್ಯಾಟ್ರಿಕರ ಹಬ್ಬವೆಂದರೆ ಇಷ್ಟೇ ಎನಿಸಿಬಿಡಬಹುದು. ಬೆಂಗಳೂರಿನವರಿಗೆ ಈ ಹೆಸರು ಬೇರೆ ರೀತಿಯಲ್ಲಿ ಪರಿಚಿತ. ಬ್ರಿಗೇಡ್ ರಸ್ತೆಯ ಬಳಿ ನಿಂತಿರುವ ಸಂತ ಪ್ಯಾಟ್ರಿಕರ ದೇವಾಲಯವನ್ನು ಕಾಣದವರು ವಿರಳ. ದಂಡಿನಲ್ಲಿ ಬ್ರಿಟಿಷ್ ಸೈನ್ಯದ ಸೇವೆಯಲ್ಲಿದ್ದ ಐರಿಷ್ ಕಥೋಲಿಕ ಸಿಪಾಯಿಗಳೊಡನೆ ಅವರ ನಾಡಿನ ಪಾಲಕ ಸಂತರ ಹೆಸರೂ 19ನೇ ಶತಮಾನದಲ್ಲಿ ಇಲ್ಲಿಗೆ ಬಂದಿತು.

ಆದರೆ ಪ್ರಿಯ ಓದುಗರೇ, ಈ ಸಂತರು ಹುಟ್ಟಿನಿಂದ ಐರಿಷ್‌ನವರಲ್ಲ. ಐರ್ಲೆಂಡಿಗೆ ಅವರು ಮೊದಲು ಹೋದದ್ದು ಬೋಧಕರಾಗಿಯೂ ಅಲ್ಲ. ಕೈಕಾಲು ಬಿಗಿಸಿಕೊಂಡ ಗುಲಾಮನಾಗಿ ಅವರು ಆ ನೆಲಕ್ಕೆ ಕಾಲಿಟ್ಟರು. ತಪಸ್ಸುಕಾಲದ ನಡುವೆ ಬರುವ ಈ ಹಬ್ಬದ ದಿನ ಮೆರವಣಿಗೆಯ ಗದ್ದಲವನ್ನು ಸ್ವಲ್ಪ ಬದಿಗಿಟ್ಟು ಆ ಮನುಷ್ಯನ ಬಾಳನ್ನು ನೋಡುವುದು ನಮ್ಮ ಕುಟುಂಬಗಳಿಗೆ ಒಳಿತು. ಏಕೆಂದರೆ ಅದು ಕ್ಷಮೆಯ ಕಥೆ. ಸುಲಭವಾಗಿ ಬಂದ ಕ್ಷಮೆಯದಲ್ಲ, ಬೆಲೆ ತೆತ್ತು ಕೊಟ್ಟ ಕ್ಷಮೆಯ ಕಥೆ.

ದೇವರನ್ನು ಅರಿಯದ ಗುರುಮನೆತನದ ಹುಡುಗ

ಪ್ಯಾಟ್ರಿಕರು ಬದುಕಿದ್ದು 5ನೇ ಶತಮಾನದಲ್ಲಿ. ಬ್ರಿಟನ್ ಆಗ ರೋಮನ್ ಸಾಮ್ರಾಜ್ಯದ ಹಿಡಿತದಿಂದ ಜಾರುತ್ತಿದ್ದ ಕಾಲ. ಅವರ ಬಗ್ಗೆ ನಮಗೆ ನಂಬಿಕೆಯಿಂದ ತಿಳಿದಿರುವುದೆಲ್ಲ ಅವರೇ ಲತೀನ್ ಭಾಷೆಯಲ್ಲಿ ಬರೆದ ಎರಡು ಬರಹಗಳಿಂದ. ಒಂದು, ಮುಪ್ಪಿನಲ್ಲಿ ಬರೆದ ನಿವೇದನೆ. ಇನ್ನೊಂದು, ಕೊರೊಟಿಕಸ್ ಎಂಬ ದೊರೆಯ ಸೈನಿಕರಿಗೆ ಬರೆದ ಪತ್ರ. ಸಾವಿರದ ಐನೂರು ವರ್ಷಗಳಿಂದ ಧರ್ಮಸಭೆ ಈ ಎರಡನ್ನೂ ಕಾಪಾಡಿಕೊಂಡು ಬಂದಿದೆ.

ಅವರ ತಂದೆ ಕಲ್ಪೂರ್ನಿಯಸ್ ಧರ್ಮಸಭೆಯಲ್ಲಿ ಡೀಕನ್ ಆಗಿದ್ದರು. ಅಜ್ಜ ಪೊತೀತುಸ್ ಗುರುಗಳಾಗಿದ್ದರು. ವಿವಾಹಿತರೂ ಗುರುಪಟ್ಟ ಪಡೆಯುತ್ತಿದ್ದ ಕಾಲವದು. ಮನೆಯಲ್ಲಿ ಆಳುಕಾಳುಗಳಿದ್ದರು, ಊರ ಹೊರಗೆ ಜಮೀನಿತ್ತು. ಇಂಥ ಮನೆಯ ಹುಡುಗನಿಗೆ ಪ್ರಾರ್ಥನೆ ಬಾಯಿಪಾಠವಾಗಿದ್ದಿರಬೇಕು. ಆದರೂ ಆ ವಯಸ್ಸಿನಲ್ಲಿ ತಾನು ನಿಜ ದೇವರನ್ನು ಅರಿತಿರಲಿಲ್ಲ, ಗುರುಗಳ ಮಾತಿಗೆ ಕಿವಿಗೊಡುತ್ತಿರಲಿಲ್ಲ ಎಂದು ಪ್ಯಾಟ್ರಿಕರು ಮುಪ್ಪಿನಲ್ಲಿ ಮರೆಮಾಚದೆ ಬರೆದುಕೊಂಡಿದ್ದಾರೆ. ಮಗ ಪೂಜೆಗೆ ಬರುವುದಿಲ್ಲ, ಜಪಸರ ಹಿಡಿಯುವುದಿಲ್ಲ ಎಂದು ಕೊರಗುವ ತಾಯಂದಿರು ಇದನ್ನು ನೆನಪಿಡಬೇಕು. ಒಂದು ನಾಡಿಗೇ ವಿಶ್ವಾಸದ ದೀಪ ಹಚ್ಚಿದವರು ಕೂಡ ಹದಿನೈದರ ಪ್ರಾಯದಲ್ಲಿ ಹೀಗೆಯೇ ಇದ್ದರು.

ಅವರಿಗೆ ಹದಿನಾರು ತುಂಬುತ್ತಿದ್ದಾಗ ಸಮುದ್ರದಾಚೆಯಿಂದ ಐರಿಷ್ ದಾಳಿಕಾರರು ಬಂದರು. ಜಮೀನಿನ ಮನೆಯಲ್ಲಿದ್ದ ಹುಡುಗನನ್ನು ಹಿಡಿದರು. ತನ್ನೊಡನೆ ಸಾವಿರಾರು ಜನ ಸೆರೆಯಾದರೆಂದು ಅವರು ಬರೆಯುತ್ತಾರೆ. ಒಂದೇ ದಿನದಲ್ಲಿ ಯಜಮಾನನ ಮಗ ಮಾರಾಟದ ಸರಕಾದ.

ಹಿಮದಲ್ಲಿ ಕಲಿತ ಪ್ರಾರ್ಥನೆ

ಆರು ವರ್ಷ ಅವನು ಐರ್ಲೆಂಡಿನಲ್ಲಿ ಒಡೆಯನೊಬ್ಬನ ಹಿಂಡು ಕಾದ. ಉತ್ತರದ ಆಂಟ್ರಿಮ್ ಪ್ರದೇಶದ ಸ್ಲೆಮಿಷ್ ಬೆಟ್ಟವೇ ಆ ಜಾಗವೆಂದು ಸಂಪ್ರದಾಯ ಹೇಳುತ್ತದೆ. ಇಂದಿಗೂ ಮಾರ್ಚ್ 17ರಂದು ಜನ ಆ ಬೆಟ್ಟ ಹತ್ತುತ್ತಾರೆ. ನಮ್ಮ ನಾಡಿನಲ್ಲಿ ಜೀತವೆಂದರೆ ಏನೆಂದು ತಿಳಿದವರಿಗೆ ಆ ಬಾಳನ್ನು ವಿವರಿಸಬೇಕಾಗಿಲ್ಲ. ತನ್ನದಲ್ಲದ ಹಿಂಡು, ತನ್ನದಲ್ಲದ ಭಾಷೆ, ಹಸಿವು, ಚಳಿ; ಹೆಸರು ಹಿಡಿದು ಕರೆಯುವ ಬಂಧುಗಳಿಲ್ಲ.

ಆ ಒಂಟಿತನದಲ್ಲಿಯೇ ಮನೆಯಲ್ಲಿ ಕೇಳಿ ಮರೆತಿದ್ದ ಪ್ರಾರ್ಥನೆಗಳು ಅವನಿಗೆ ನೆನಪಾದವು. ಹಗಲಲ್ಲಿ ನೂರು ಸಲ, ರಾತ್ರಿಯಲ್ಲೂ ಸುಮಾರು ಅಷ್ಟೇ ಸಲ ಪ್ರಾರ್ಥಿಸುವ ಅಭ್ಯಾಸ ಬೆಳೆಯಿತು. ಹಿಮ ಬೀಳಲಿ, ಮಳೆ ಸುರಿಯಲಿ, ಬೆಳಕು ಹರಿಯುವ ಮೊದಲೇ ಎದ್ದು ಅವನು ಕಾಡಿನಲ್ಲಿ, ಬೆಟ್ಟದಲ್ಲಿ ದೇವರೊಡನೆ ಮಾತಾಡುತ್ತಿದ್ದ. ಮನೆಯಲ್ಲಿ ಬಿತ್ತಿದ ಬೀಜ ಮನೆಯಲ್ಲೇ ಮೊಳೆಯಲಿಲ್ಲ. ದೂರದ ನೆಲದಲ್ಲಿ ಮೊಳೆಯಿತು. ಆದರೆ ಬಿತ್ತಿದವರು ಮನೆಯವರೇ ಎಂಬುದನ್ನು ಮರೆಯಬಾರದು.

ಒಂದು ರಾತ್ರಿ ನಿದ್ದೆಯಲ್ಲಿ ಅವನಿಗೆ ಧ್ವನಿಯೊಂದು ಕೇಳಿಸಿತು: ನೀನು ಬೇಗನೆ ನಿನ್ನ ನಾಡಿಗೆ ಹೋಗುವೆ, ನಿನ್ನ ಹಡಗು ಸಿದ್ಧವಾಗಿದೆ ಎಂದು. ಹಡಗು ಇದ್ದದ್ದು ಹತ್ತಿರದಲ್ಲಲ್ಲ. ಸುಮಾರು 200 ಮೈಲಿ ದೂರದಲ್ಲಿ. ಓಡಿಹೋದ ಗುಲಾಮ ಸಿಕ್ಕಿಬಿದ್ದರೆ ಏನಾಗುತ್ತದೆಂದು ತಿಳಿದೂ ಅವನು ಗುರುತಿಲ್ಲದ ನಾಡನ್ನು ನಡೆದು ದಾಟಿದ. ಹಡಗಿನ ಯಜಮಾನ ಮೊದಲು ಸಿಡುಕಿ ಹತ್ತಿಸಿಕೊಳ್ಳಲು ನಿರಾಕರಿಸಿದ. ತಂಗಿದ್ದ ಗುಡಿಸಲಿಗೆ ಹಿಂದಿರುಗುತ್ತಾ ಅವನು ಪ್ರಾರ್ಥಿಸತೊಡಗಿದ. ಆ ಪ್ರಾರ್ಥನೆ ಮುಗಿಯುವ ಮೊದಲೇ ಹಡಗಿನವರೊಬ್ಬರು ಕೂಗಿ ಕರೆದರು.

ಮೂರು ದಿನ ಸಮುದ್ರ, ಆಮೇಲೆ 28 ದಿನ ಜನವಿಲ್ಲದ ಬಯಲು. ಊಟ ಮುಗಿದು ಎಲ್ಲರೂ ಸಾಯುವ ಸ್ಥಿತಿಗೆ ಬಂದಾಗ, ಕ್ರೈಸ್ತನಲ್ಲದ ಯಜಮಾನ ಪ್ಯಾಟ್ರಿಕನನ್ನು ಪ್ರಶ್ನಿಸಿದ: ನಿನ್ನ ದೇವರು ಅಷ್ಟು ಶಕ್ತನಾದರೆ ನಮಗಾಗಿ ಏಕೆ ಬೇಡಬಾರದು ಎಂದು. ಅವನು ಬೇಡಿದ. ಅಂದೇ ದಾರಿಯಲ್ಲಿ ಹಂದಿಗಳ ಹಿಂಡು ಎದುರಾಯಿತು. ಹಸಿದವರು ಉಂಡು ದಣಿವಾರಿಸಿಕೊಂಡರು.

ಕನಸಿನಲ್ಲಿ ಬಂದ ಪತ್ರಗಳು

ಕೆಲವು ವರ್ಷಗಳ ನಂತರ ಪ್ಯಾಟ್ರಿಕ್ ಬ್ರಿಟನ್ನಿನಲ್ಲಿ ತನ್ನವರನ್ನು ಸೇರಿದ. ಮನೆಯವರ ಸಂತೋಷ ಹೇಳತೀರದು. ಇಷ್ಟು ಕಷ್ಟಪಟ್ಟದ್ದು ಸಾಕು, ಇನ್ನು ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗಬೇಡ ಎಂದು ಬೇಡಿಕೊಂಡರು. ಕಥೆ ಇಲ್ಲಿಗೆ ಮುಗಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಆದರೆ ಅಲ್ಲಿಯೇ ಒಂದು ರಾತ್ರಿ ಕನಸು ಬಿತ್ತು. ವಿಕ್ಟೋರಿಕುಸ್ ಎಂಬಾತ ಐರ್ಲೆಂಡಿನಿಂದ ಲೆಕ್ಕವಿಲ್ಲದಷ್ಟು ಪತ್ರಗಳನ್ನು ಹೊತ್ತು ತಂದು, ಒಂದನ್ನು ಅವನ ಕೈಗೆ ಕೊಟ್ಟ. ಅದನ್ನು ಓದುತ್ತಿದ್ದಂತೆ ಪಶ್ಚಿಮ ಸಮುದ್ರದ ಬಳಿಯ ವೊಕ್ಲುಟ್ ಕಾಡಿನ ಜನರು ಒಂದೇ ಕೊರಳಿನಿಂದ, ಮತ್ತೆ ಬಂದು ನಮ್ಮ ನಡುವೆ ನಡೆದಾಡು ಎಂದು ಕೂಗುವುದು ಕೇಳಿಸಿತು. ಅವನ ಎದೆ ಒಡೆದಂತಾಯಿತು. ಮುಂದೆ ಓದಲಾಗದೆ ಎಚ್ಚರಗೊಂಡ.

ಕರೆದವರು ಯಾರು? ತನ್ನ ಯೌವನದ ಆರು ವರ್ಷಗಳನ್ನು ಕಸಿದ ಜನ. ಅವರ ಬಳಿಗೆ ಹೋಗಲು ಅವನು ಸಿದ್ಧನಾದ. ಅಧ್ಯಯನ ಮಾಡಿ ಡೀಕನ್ ಆಗಿ, ಮುಂದೆ ಗುರುವಾಗಿ, ಧರ್ಮಾಧ್ಯಕ್ಷರಾಗಿ ಅಭಿಷಿಕ್ತನಾದ. ಐರ್ಲೆಂಡಿನಲ್ಲಿ ಅಲ್ಲಲ್ಲಿ ಕ್ರೈಸ್ತರು ಆಗಲೇ ಇದ್ದರು. 431ರಲ್ಲಿ ಜಗದ್ಗುರು ಮೊದಲನೆಯ ಸೆಲೆಸ್ತೀನರು ಪಲ್ಲಾದಿಯಸ್ ಎಂಬವರನ್ನು ಅವರ ಧರ್ಮಾಧ್ಯಕ್ಷರಾಗಿ ಕಳುಹಿಸಿದ್ದರು. ಪ್ಯಾಟ್ರಿಕರು 432ರಲ್ಲಿ ಬಂದರೆಂದು ಸಂಪ್ರದಾಯ. ಅದುವರೆಗೆ ಶುಭಸಂದೇಶ ತಲುಪದಿದ್ದ ಮೂಲೆಗಳಿಗೆಲ್ಲ ಅವರು ಹೋದರು. ಗುಲಾಮನಾಗಿದ್ದಾಗ ಕಲಿತ ಭಾಷೆಯೇ ಈಗ ಬೋಧನೆಯ ಭಾಷೆಯಾಯಿತು. ಕಷ್ಟಕಾಲದಲ್ಲಿ ಕಲಿತದ್ದು ಯಾವುದೂ ದೇವರ ಕೈಯಲ್ಲಿ ವ್ಯರ್ಥವಾಗುವುದಿಲ್ಲ.

ಸಾವಿರಾರು ಜನ ಜ್ಞಾನಸ್ನಾನ ಪಡೆದರು. ಅರಸರ ಮಕ್ಕಳು, ಹೆಣ್ಣುಮಕ್ಕಳು ದೇವರಿಗೆ ತಮ್ಮನ್ನು ಮುಡಿಪಾಗಿಟ್ಟರು. ಹೀಗೆ ಕನ್ಯಾವ್ರತ ಕೈಗೊಂಡವರಲ್ಲಿ ಹೆಚ್ಚು ನೋವುಂಡವರು ಗುಲಾಮ ಹೆಂಗಸರೆಂದು ಪ್ಯಾಟ್ರಿಕರು ವಿಶೇಷವಾಗಿ ನೆನೆಯುತ್ತಾರೆ. ತಾವೇ ಆ ನೊಗ ಹೊತ್ತವರಲ್ಲವೇ? ಭಕ್ತಿಯಿಂದ ಹೆಂಗಸರು ಪೀಠದ ಮೇಲಿಡುತ್ತಿದ್ದ ಒಡವೆಗಳನ್ನು ಅವರು ಹಿಂದಿರುಗಿಸುತ್ತಿದ್ದರು. ಜ್ಞಾನಸ್ನಾನಕ್ಕಾಗಲಿ ಗುರುಪಟ್ಟಕ್ಕಾಗಲಿ ಒಂದು ಕಾಸನ್ನೂ ಮುಟ್ಟಲಿಲ್ಲ. ಬದಲಿಗೆ ದಾರಿಯುದ್ದಕ್ಕೂ ಅರಸರಿಗೆ ಕಾಣಿಕೆ ಕೊಟ್ಟು ಸಂಚರಿಸಿದರು. ಒಮ್ಮೆ ಅವರನ್ನೂ ಜೊತೆಗಾರರನ್ನೂ ಹಿಡಿದು ಕಬ್ಬಿಣದ ಬೇಡಿ ಹಾಕಿದರು; ಹದಿನಾಲ್ಕನೆಯ ದಿನ ಬಿಡುಗಡೆಯಾಯಿತು.

ಗೆಳೆಯನಿಗೆ ಹೇಳಿದ ಗುಟ್ಟು

ಹೊರಗಿನ ಬೇಡಿಗಿಂತ ಹೆಚ್ಚು ನೋಯಿಸಿದ್ದು ಒಳಗಿನವರ ಏಟು. ಹದಿನೈದರ ವಯಸ್ಸಿನಲ್ಲಿ, ಸೆರೆಯಾಗುವ ಮೊದಲು, ಪ್ಯಾಟ್ರಿಕರು ಒಂದು ಪಾಪ ಮಾಡಿದ್ದರು. ಡೀಕನ್ ಪಟ್ಟ ಪಡೆಯುವ ಮೊದಲು ಮನಸ್ಸಿನ ಭಾರ ತಾಳಲಾರದೆ ಪ್ರಾಣದಂಥ ಗೆಳೆಯನೊಬ್ಬನಿಗೆ ಅದನ್ನು ಹೇಳಿಕೊಂಡರು. ಸುಮಾರು ಮೂವತ್ತು ವರ್ಷಗಳ ನಂತರ ಆ ಗುಟ್ಟು ಹೊರಬಿತ್ತು. ಬ್ರಿಟನ್ನಿನ ಧರ್ಮಸಭೆಯ ಹಿರಿಯರು ಅದನ್ನೇ ಹಿಡಿದು ಅವರ ಧರ್ಮಾಧ್ಯಕ್ಷ ಪದವಿಯನ್ನು ಪ್ರಶ್ನಿಸಿದರು. ಒಂದು ಕಾಲದಲ್ಲಿ ತಮ್ಮ ಪರವಾಗಿ ಮಾತಾಡಿದ್ದ ಆ ಗೆಳೆಯನೇ ಎಲ್ಲರೆದುರು ತಮ್ಮನ್ನು ಅವಮಾನಿಸಿದನೆಂಬುದು ಅವರನ್ನು ಕುಗ್ಗಿಸಿತು. ಆ ದಿನ ತಾವು ಇನ್ನೇನು ಶಾಶ್ವತವಾಗಿ ಬಿದ್ದುಹೋಗುವಂತಾಗಿತ್ತು ಎಂದು ಬರೆಯುತ್ತಾರೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ದಾಳಿಕಾರರನ್ನು ಕ್ಷಮಿಸುವುದು ಒಂದು ಬಗೆ, ಅವರು ಅಪರಿಚಿತರು. ನಂಬಿ ಮನಸ್ಸು ಬಿಚ್ಚಿದ ಗೆಳೆಯನನ್ನು ಕ್ಷಮಿಸುವುದು ಇನ್ನೊಂದು ಬಗೆ. ನಮ್ಮ ಮನೆಗಳಲ್ಲಿ, ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ ವರ್ಷಗಟ್ಟಲೆ ಮಾತು ನಿಂತಿರುವುದು ಹೆಚ್ಚಾಗಿ ಇಂಥ ಗಾಯಗಳಿಂದಲೇ. ಪ್ಯಾಟ್ರಿಕರು ಆ ಗೆಳೆಯನ ಹೆಸರನ್ನು ಬರೆಯಲಿಲ್ಲ. ಅವನ ಗುಟ್ಟುಗಳೇನಾದರೂ ಇದ್ದರೆ ಅವನ್ನೂ ಬಯಲಿಗೆಳೆಯಲಿಲ್ಲ. ಅವನಿಗಾಗಿ ಮರುಗಿದರು, ಇದು ಅವರ ಮೇಲೆ ಪಾಪವಾಗಿ ಎಣಿಕೆಯಾಗದಿರಲಿ ಎಂದು ಬೇಡಿದರು. ಹಾಗೆಂದು ತಮ್ಮ ಸೇವೆಯನ್ನು ಬಿಟ್ಟುಕೊಡಲೂ ಇಲ್ಲ. ಆಪಾದನೆಗಳಿಗೆ ಉತ್ತರವಾಗಿಯೇ ಅವರ ನಿವೇದನೆ ಹುಟ್ಟಿತು. ಓದಬೇಕಾದ ವಯಸ್ಸಿನಲ್ಲಿ ಕುರಿ ಕಾಯುತ್ತಿದ್ದುದರಿಂದ ತಮ್ಮ ಲತೀನ್ ಒರಟು ಎಂದು ನಾಚಿಕೊಳ್ಳುತ್ತಲೇ, ಹಳ್ಳಿಗಾಡಿನ ತಮ್ಮನ್ನು ದೇವರು ಕೆಸರಿನಲ್ಲಿ ಬಿದ್ದ ಕಲ್ಲನ್ನು ಎತ್ತಿದಂತೆ ಎತ್ತಿ ಗೋಡೆಯ ಮೇಲಿರಿಸಿದರೆಂದು ಅವರು ಹೇಳಿಕೊಂಡರು.

ಬಿಳಿಯುಡುಗೆಯ ಮೇಲೆ ರಕ್ತ

ಕ್ಷಮಿಸುವುದೆಂದರೆ ಅನ್ಯಾಯವನ್ನು ನೋಡಿ ಸುಮ್ಮನಿರುವುದಲ್ಲ. ಇದನ್ನು ಅವರ ಎರಡನೆಯ ಬರಹ ತಿಳಿಸುತ್ತದೆ. ಹೊಸದಾಗಿ ಜ್ಞಾನಸ್ನಾನ ಪಡೆದವರು ಇನ್ನೂ ಬಿಳಿಯುಡುಗೆಯಲ್ಲಿದ್ದರು. ಅವರ ಹಣೆಯ ಮೇಲೆ ಅಭ್ಯಂಗದ ಪರಿಮಳ ತೈಲ ಇನ್ನೂ ಆರಿರಲಿಲ್ಲ. ಅಂಥವರ ಮೇಲೆ ಕೊರೊಟಿಕಸನ ಸೈನಿಕರು ಎರಗಿದರು. ಕೆಲವರನ್ನು ಕೊಂದರು, ಉಳಿದವರನ್ನು ಎಳೆದೊಯ್ದು ಮಾರಿದರು. ಆ ಸೈನಿಕರು ಹೆಸರಿಗೆ ಕ್ರೈಸ್ತರೇ ಆಗಿದ್ದರು.

ಪ್ಯಾಟ್ರಿಕರು ತಾವು ಬಾಲ್ಯದಿಂದ ಓದಿಸಿ ಬೆಳೆಸಿದ ಗುರುವೊಬ್ಬರ ಕೈಯಲ್ಲಿ ಮರುದಿನವೇ ಪತ್ರ ಕಳುಹಿಸಿ, ಸೆರೆಯವರನ್ನು ಬಿಟ್ಟುಕೊಡಿರೆಂದು ಕೇಳಿದರು. ಸೈನಿಕರು ನಕ್ಕುಬಿಟ್ಟರು. ಆಗ ಅವರು ಎಲ್ಲ ಜನರೆದುರು, ಕೊರೊಟಿಕಸನೆದುರಿಗೂ ಓದಬೇಕಾದ ಎರಡನೆಯ ಪತ್ರ ಬರೆದರು. ಆ ಕೊಲೆಗಾರರು ಕಣ್ಣೀರಿಟ್ಟು ಪ್ರಾಯಶ್ಚಿತ್ತ ಮಾಡಿ, ದೇವರ ಸೇವಕರನ್ನೂ ಸೇವಕಿಯರನ್ನೂ ಬಿಡುಗಡೆ ಮಾಡುವವರೆಗೆ ಯಾರೂ ಅವರೊಡನೆ ಉಣ್ಣಬಾರದು, ಅವರ ದಾನ ಮುಟ್ಟಬಾರದು ಎಂದು ಆಜ್ಞಾಪಿಸಿದರು. ಗುಲಾಮಗಿರಿ ಲೋಕದ ಸಹಜ ವ್ಯವಹಾರವಾಗಿದ್ದ ಕಾಲದಲ್ಲಿ, ಸ್ವತಃ ಗುಲಾಮನಾಗಿದ್ದ ಧರ್ಮಾಧ್ಯಕ್ಷರೊಬ್ಬರು ಎತ್ತಿದ ಈ ಕೂಗು ಇಂದಿಗೂ ಎದೆ ನಡುಗಿಸುತ್ತದೆ. ಆದರೂ ಆ ಪತ್ರದ ಕೊನೆಯಲ್ಲಿ, ತಡವಾಗಿಯಾದರೂ ಅವರು ತಿರುಗಿಬಂದು ಉಳಿಯಲೆಂಬ ಆಸೆಯೇ ಇದೆ.

ಪಾಸ್ಖ ಜಾಗರಣೆಯಲ್ಲಿ ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುವಾಗ ಈ ಬಿಳಿಯುಡುಗೆಯವರನ್ನು ನೆನೆಯೋಣ. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಬೆಟ್ಟದ ಬೆಂಕಿ, ಮೂರೆಲೆಯ ಸೊಪ್ಪು

ಪ್ಯಾಟ್ರಿಕರು ತೀರಿಕೊಂಡು ಸುಮಾರು ಇನ್ನೂರು ವರ್ಷಗಳ ಮೇಲೆ ಮುರ್ಖು ಎಂಬ ಐರಿಷ್ ಲೇಖಕ ಅವರ ಚರಿತ್ರೆ ಬರೆದ. ಪಾಸ್ಖದ ಬೆಂಕಿಯ ಕಥೆ ಅದರಲ್ಲಿದೆ. ತಾರಾದ ಅರಮನೆಯಲ್ಲಿ ಲೊಯ್ಗಿರೆ ಅರಸ ಬೆಂಕಿ ಹಚ್ಚುವ ಮೊದಲು ನಾಡಿನಲ್ಲಿ ಯಾರೂ ಹಚ್ಚಬಾರದೆಂಬ ಕಟ್ಟಳೆಯಿದ್ದ ರಾತ್ರಿ, ಪ್ಯಾಟ್ರಿಕರು ಸ್ಲೇನ್‌ನಲ್ಲಿ ಪಾಸ್ಖದ ಬೆಂಕಿ ಹಚ್ಚಿದರಂತೆ. ಈ ರಾತ್ರಿಯೇ ಅದನ್ನು ಆರಿಸದಿದ್ದರೆ ಮುಂದೆಂದೂ ಆರದು ಎಂದು ಅರಸನ ಮಂತ್ರವಾದಿಗಳು ಎಚ್ಚರಿಸಿದರಂತೆ. ಇದು ಭಕ್ತರ ನೆನಪು ಹೆಣೆದ ಕಥೆ. ಆದರೆ ನಾವು ಪವಿತ್ರ ಶನಿವಾರ ರಾತ್ರಿ ದೇವಾಲಯದ ಹೊರಗೆ ಹೊಸ ಬೆಂಕಿಯನ್ನು ಆಶೀರ್ವದಿಸುವಾಗ ಅದರ ಅರ್ಥ ತಾನೇ ಹೊಳೆಯುತ್ತದೆ.

ಇನ್ನೆರಡು ಕಥೆಗಳು ಇನ್ನೂ ಈಚಿನವು. ಮೂರೆಲೆಯ ಶ್ಯಾಮ್‌ರಾಕ್ ಸೊಪ್ಪನ್ನು ಹಿಡಿದು ಪ್ಯಾಟ್ರಿಕರು ಪರಮ ತ್ರಿತ್ವವನ್ನು ವಿವರಿಸಿದರೆಂಬುದು 18ನೇ ಶತಮಾನದ ಬರಹಗಳಲ್ಲಿ ಕಾಣುತ್ತದೆ. ಅವರು ಐರ್ಲೆಂಡಿನಿಂದ ಹಾವುಗಳನ್ನೆಲ್ಲ ಓಡಿಸಿದರೆಂಬ ಕಥೆಯೂ ಇದೆ. ಆದರೆ ಅಲ್ಲಿ ಹಾವುಗಳಿಲ್ಲವೆಂದು ಸೊಲೀನುಸ್ ಎಂಬ ರೋಮನ್ ಲೇಖಕ ಪ್ಯಾಟ್ರಿಕರಿಗಿಂತ ಮೊದಲೇ ಬರೆದಿದ್ದ. ಮಕ್ಕಳಿಗೆ ಈ ಕಥೆಗಳನ್ನು ಹೇಳಿ. ಆದರೆ ಅವು ಕಥೆಗಳೆಂದೇ ಹೇಳಿ. ಅವರ ನಿಜ ಬಾಳು ಕಥೆಗಿಂತ ದೊಡ್ಡದು.

ತಪಸ್ಸುಕಾಲದೊಳಗಿನ ಹಬ್ಬ

ಅವರು ಮಾರ್ಚ್ 17ರಂದು ತೀರಿಕೊಂಡರು. ಉತ್ತರ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಊರಿನಲ್ಲಿ ಅವರ ಸಮಾಧಿ ಎಂದು ನಂಬುವ ಜಾಗದಲ್ಲಿ 1900ರಲ್ಲಿ ಇಟ್ಟ ದೊಡ್ಡ ಕಲ್ಲುಚಪ್ಪಡಿ ಇದೆ. ಐರಿಷ್ ಧರ್ಮಸಭೆ ಶತಮಾನಗಳಿಂದ ಅವರನ್ನು ಸಂತರೆಂದು ಗೌರವಿಸಿತು. 17ನೇ ಶತಮಾನದಲ್ಲಿ ಲ್ಯೂಕ್ ವಾಡಿಂಗ್ ಎಂಬ ಐರಿಷ್ ಫ್ರಾನ್ಸಿಸ್ಕನ್ ಗುರುಗಳ ಪ್ರಯತ್ನದಿಂದ ಈ ಹಬ್ಬ ಇಡೀ ಧರ್ಮಸಭೆಯ ಪಂಚಾಂಗ ಸೇರಿತು. ಪವಿತ್ರ ವಾರದಲ್ಲಿ ಬಂದರೆ ಹಬ್ಬಕ್ಕೆ ಬೇರೆ ದಿನ ಗೊತ್ತುಮಾಡುತ್ತಾರೆ. 2008ರಲ್ಲಿ ಮಾರ್ಚ್ 17 ಪವಿತ್ರ ವಾರದ ಸೋಮವಾರವಾಗಿದ್ದರಿಂದ ಐರ್ಲೆಂಡಿನಲ್ಲಿ ಪೂಜಾಹಬ್ಬವನ್ನು 15ಕ್ಕೆ ತಂದರು.

ಐರಿಷ್ ಮನೆಗಳಲ್ಲಿ ಅಂದು ಬೆಳಿಗ್ಗೆ ಶ್ಯಾಮ್‌ರಾಕ್ ಸೊಪ್ಪನ್ನು ಎದೆಗೆ ಸಿಕ್ಕಿಸಿಕೊಂಡು ಪೂಜೆಗೆ ಹೋಗುವುದು ಹಳೆಯ ರೂಢಿ. ಕಟ್ಟುನಿಟ್ಟಿನ ಉಪವಾಸದ ದಿನಗಳಲ್ಲಿ ಆ ಒಂದು ದಿನ ಮಾಂಸದೂಟಕ್ಕೆ ಅವಕಾಶವಿತ್ತು. 1903ರಲ್ಲಿ ಅದು ಅಲ್ಲಿ ಸಾರ್ವಜನಿಕ ರಜೆಯಾಯಿತು. ಕುಡಿತದ ಹಬ್ಬವೆಂದು ಈಗ ಹೆಸರಾಗಿರುವ ಆ ದಿನ, 1920ರ ದಶಕದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಐರ್ಲೆಂಡಿನಲ್ಲಿ ಮದ್ಯದಂಗಡಿಗಳು ಕಾನೂನಿನಂತೆ ಮುಚ್ಚಿರುತ್ತಿದ್ದವು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ದೊಡ್ಡ ಮೆರವಣಿಗೆಗಳು ಬೆಳೆದದ್ದು ವಲಸೆ ಹೋದವರ ನಡುವೆ. ನ್ಯೂಯಾರ್ಕಿನಲ್ಲಿ 1762ರಲ್ಲೇ ಬ್ರಿಟಿಷ್ ಸೈನ್ಯದ ಐರಿಷ್ ಸಿಪಾಯಿಗಳು ಮೆರವಣಿಗೆ ಹೊರಟಿದ್ದರು. ಊರು ಬಿಟ್ಟವರಿಗೆ ಊರಿನ ಸಂತ ಇನ್ನಷ್ಟು ಹತ್ತಿರ. ಮಂಗಳೂರು, ಚಿಕ್ಕಮಗಳೂರಿನಿಂದ ಮುಂಬೈಗೂ ಕೊಲ್ಲಿ ನಾಡುಗಳಿಗೂ ಹೋದ ನಮ್ಮ ಕುಟುಂಬಗಳಿಗೆ ಇದು ತಿಳಿಯದ್ದೇನಲ್ಲ.

ಹಬ್ಬದ ತಪಸ್ಸಿನ ಮುಖವೂ ಉಳಿದಿದೆ. ಪ್ಯಾಟ್ರಿಕರು ನಲವತ್ತು ದಿನ ಉಪವಾಸವಿದ್ದರೆಂದು ನಂಬುವ ಮೇಯೊ ಪ್ರದೇಶದ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು ಹತ್ತುತ್ತಾರೆ, ಕೆಲವರು ಬರಿಗಾಲಿನಲ್ಲಿ. ಲಾಫ್ ಡರ್ಗ್ ಸರೋವರದ ದ್ವೀಪದಲ್ಲಿ ಯಾತ್ರಿಕರು ಮೂರು ದಿನ ಬರಿಗಾಲಿನಲ್ಲಿ, ಒಣರೊಟ್ಟಿ ಮತ್ತು ಹಾಲಿಲ್ಲದ ಚಹಾದಲ್ಲಿ ಕಳೆದು ಪ್ರಾರ್ಥಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸುವಂತಿಲ್ಲ. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದಲ್ಲಿಯೂ ಮಾರ್ಚ್ 17 ಸಾರ್ವಜನಿಕ ರಜೆ. ಅಲ್ಲಿ ಐರಿಷ್ ಮೂಲದ ಒಡೆಯರ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿಯುತ್ತಿದ್ದರು. 1768ರ ಸಂತ ಪ್ಯಾಟ್ರಿಕರ ಹಬ್ಬದಂದು, ಒಡೆಯರು ಔತಣದಲ್ಲಿ ಮುಳುಗಿರುವಾಗ ದಂಗೆಯೇಳಲು ಆ ಗುಲಾಮರು ಯೋಚಿಸಿದ್ದರು. ಗುಟ್ಟು ಬಯಲಾಯಿತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಗುಲಾಮನಾಗಿದ್ದ ಸಂತರ ಹಬ್ಬವನ್ನು ಗುಲಾಮರ ಒಡೆಯರು ಆಚರಿಸುತ್ತಿದ್ದರು! ಆ ದಿನ ಪ್ಯಾಟ್ರಿಕರು ಯಾರ ಮೇಜಿನ ಬಳಿ ಕೂರುತ್ತಿದ್ದರೆಂದು ಅವರ ಪತ್ರವನ್ನು ಬಲ್ಲವರಿಗೆ ಸಂದೇಹವಿರದು.

ಈ ಪ್ರಶ್ನೆ ನಮ್ಮ ಹೊಸ್ತಿಲಿಗೂ ಬರುತ್ತದೆ. ಸಂತರ ಹಬ್ಬವನ್ನು ತೇರು, ಬ್ಯಾಂಡು, ಊಟಗಳಿಂದ ನಾವೂ ಆಚರಿಸುತ್ತೇವೆ. ಅದೇ ದಿನ ನಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿ ಯಾರು, ನಮ್ಮ ತೋಟದಲ್ಲಿ ಸಾಲ ತೀರದೆ ದುಡಿಯುವ ಕುಟುಂಬ ಯಾವುದು ಎಂದು ಕೇಳಿಕೊಳ್ಳುತ್ತೇವೆಯೇ? ಹಾಗೆಯೇ, ಹಿಂದೆಂದೋ ನಮ್ಮನ್ನು ನೋಯಿಸಿದ ಯಾರ ಊರಿನ ದಾರಿಯನ್ನು ನಾವು ಇಂದಿಗೂ ತುಳಿಯದೆ ಇದ್ದೇವೆ?

ಈ ತಪಸ್ಸುಕಾಲದಲ್ಲಿ ಅಂಥ ಒಂದು ದಾರಿಯನ್ನಾದರೂ ಹಿಡಿಯೋಣ. ಒಂದು ಪತ್ರ, ಒಂದು ಭೇಟಿ, ಒಂದು ಒಳ್ಳೆಯ ಪಾಪನಿವೇದನೆ ಸಾಕು ಮೊದಲ ಹೆಜ್ಜೆಗೆ. ಸೆರೆಯಾದ ನಾಡಿಗೇ ಪ್ರೀತಿ ಹೊತ್ತು ಮರಳಿದ ಆ ಕುರಿಗಾಹಿ ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ಪಾಸ್ಖದ ರಾತ್ರಿ ಹೊಸ ಬೆಂಕಿಯಿಂದ ನಾವು ಹಚ್ಚಿಕೊಳ್ಳುವ ಮೇಣದ ಬತ್ತಿ, ಮುನಿಸಿಕೊಂಡವರ ಮುಖವನ್ನೂ ನಮಗೆ ಬೆಳಗಿ ತೋರಿಸಲಿ.